ಮಲೆನಾಡಿನ ಅಟ್ಟಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಟ್ಟದ ಸನ್ನಿಧಾನಕ್ಕೆ,

ವಿಷಯ: ಕೆಳದಿಯ ವಸ್ತುಸಂಗ್ರಹಾಲಯವು ಅಟ್ಟದ ಅಧಿಕಾರದಲ್ಲಿ ಕೈಹಾಕಿರುವ ಬಗ್ಗೆ.

ಸಾಗರ ತಾಲ್ಲೂಕಿನ ಕೆಳದಿಯಲ್ಲಿ 1960ರ ದಶಕದಲ್ಲಿ ಹುಟ್ಟಿದ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾ ಕೇಂದ್ರವೇ ಈ ದೂರಿನ ಎದುರುಪಕ್ಷ. ಅದನ್ನು ಕಟ್ಟಿದವರು ಕೆಳದಿ ಗುಂಡಾ ಜೋಯಿಸರು. ಓಲೆಗರಿ, ಕಡತ, ನಾಣ್ಯ, ಆಯುಧ ಎಂದು ಅಲ್ಲಿ ಕೂಡಿಬಿದ್ದದ್ದರಲ್ಲಿ ಎಷ್ಟೋ ಸಾಮಗ್ರಿ ನ್ಯಾಯವಾಗಿ ಅಟ್ಟದಲ್ಲೇ ಇದ್ದು ಪುಡಿಯಾಗಬೇಕಾಗಿತ್ತು.

ಅಟ್ಟದ ಸೇವೆ ಸಣ್ಣದಲ್ಲ. ಸುಮಾರು 1500ರಿಂದ ಆಳಿದ ಕೆಳದಿ ಅರಸರ ರಾಜ್ಯ 1763ರಲ್ಲಿ ಹೈದರಾಲಿಯ ಪಾಲಾದ ಮೇಲೆ, ಆ ಕಾಲದ ಬರಹಗಳಿಗೆ ಮಠಗಳನ್ನು ಬಿಟ್ಟರೆ ಮನೆಗಳೇ ಆಸರೆ. ಅಡುಗೆ ಒಲೆಯ ಹೊಗೆ ಜಂತಿಯ ಸಂದಿಯಲ್ಲಿ ಏರಿ ಓಲೆಕಟ್ಟನ್ನು ಕಪ್ಪುಮಾಡಿತು, ಹುಳುವನ್ನೂ ದೂರವಿಟ್ಟಿತು. ಗ್ಯಾಸ್ ಒಲೆ ಬಂದಾಗ ಹೊಗೆ ನಿಂತಿತು. ಗೆದ್ದಲಿಗೆ ಪ್ರವೇಶ ಮುಕ್ತವಾಯಿತು. ಅಟ್ಟ ಇದಕ್ಕೆ ತಕರಾರು ಎತ್ತಿದ ದಾಖಲೆಯಿಲ್ಲ.

ಮನೆತನಗಳೂ ತಮ್ಮ ಕರ್ತವ್ಯದಲ್ಲಿ ಹಿಂದೆ ಬಿದ್ದಿಲ್ಲ. ನವರಾತ್ರಿಯಲ್ಲಿ ಕಟ್ಟನ್ನು ಕೆಳಗಿಳಿಸಿ, ಕುಂಕುಮ ಹಚ್ಚಿ, ಹೂವಿಟ್ಟು, ಬಿಚ್ಚದೆ ಮತ್ತೆ ಮೇಲಿಡುವುದು ಪದ್ಧತಿ. ಹಿಸ್ಸೆಯ ದಿನ ತಾಮ್ರದ ಹಂಡೆಗಾಗಿ ಪಂಚಾಯಿತಿ ಕೂರುತ್ತದೆ. ಓಲೆಕಟ್ಟನ್ನು ಯಾರೂ ಕೇಳುವುದಿಲ್ಲ. ಬೆಂಕಿಗೆ ಹಾಕಿದರೆ ಪಾಪವೆಂದು ಅದನ್ನು ಹೊಳೆಗೆ ಬಿಡುತ್ತಾರೆ. ಭಕ್ತಿಗೂ ಭಂಗವಿಲ್ಲ, ಮನೆಯೂ ಸ್ವಚ್ಛ.

ಇಂಥ ವ್ಯವಸ್ಥೆಗೆ ವಸ್ತುಸಂಗ್ರಹಾಲಯದವರು ಅಡ್ಡ ಬಂದರು. ಓಲೆಗರಿಯ ಆರೈಕೆಯ ಕ್ರಮವೇ ಬೇರೆ. ಮೃದುವಾದ ಕುಂಚದಿಂದ ಗರಿಯ ದೂಳು ಝಾಡಿಸಬೇಕು. ನಿಂಬೆಹುಲ್ಲಿನ ಎಣ್ಣೆ ಸವರಿದರೆ ಒಣಗಿ ಸೆಟೆದ ಗರಿ ಸ್ವಲ್ಪ ಬಾಗುತ್ತದೆ. ಕಂಟವೆಂಬ ಮೊನಚು ಲೇಖನಿಯಿಂದ ಕೊರೆದ ಅಕ್ಷರಕ್ಕೆ ಮೊದಲು ಬಣ್ಣವಿರುವುದಿಲ್ಲ. ದೀಪದ ಮಸಿಯನ್ನು ಗರಿಯ ಮೇಲೆ ತಿಕ್ಕಿ ಒರೆಸಿದಾಗ ಗೀರಿನಲ್ಲಿ ಮಾತ್ರ ಮಸಿ ನಿಂತು, ಸಾಲುಗಳು ಒಂದೊಂದಾಗಿ ಎದ್ದು ಬರುತ್ತವೆ. ಬಳಿಕ ರಂಧ್ರಕ್ಕೆ ದಾರ ಪೋಣಿಸಿ, ಎರಡು ಮರದ ಪಟ್ಟಿಗಳ ನಡುವೆ ಕಟ್ಟುತ್ತಾರೆ.

ಕಡತದ ಜಾತಿ ಬೇರೆ. ಅದು ಬಟ್ಟೆ, ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ್ದು. ಮೇಲೆ ಬಳಪದ ಬರಹ. ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಲೆಕ್ಕಪತ್ರಕ್ಕೆ ಹೇಳಿ ಮಾಡಿಸಿದ್ದು. ಒದ್ದೆ ಕೈಯಿಂದ ಮುಟ್ಟಿದರೆ ಲೆಕ್ಕ ಚುಕ್ತಾ.

ಇಷ್ಟಕ್ಕೇ ನಿಂತಿದ್ದರೆ ಕ್ಷಮಿಸಬಹುದಿತ್ತು; ಅವರು ಓದಿದರು. ಗುಂಡಾ ಜೋಯಿಸರಿಗೆ ತಿಗಳಾರಿ ಲಿಪಿ ಬರುತ್ತಿತ್ತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸಂಸ್ಕೃತ ಬರೆಯಲು ಹೆಚ್ಚಾಗಿ ಬಳಕೆಯಾಗಿದ್ದ ಈ ಲಿಪಿ 2024ರಲ್ಲಿ ಯುನಿಕೋಡ್‌ಗೂ ಸೇರಿತು. ಕಂಪ್ಯೂಟರಿಗೆ ಬರುವ ಅಕ್ಷರ ಮೊಮ್ಮಕ್ಕಳಿಗೆ ಬರುವುದಿಲ್ಲ ಎಂಬ ಮುಜುಗರ ಹೀಗೆ ವಿನಾಕಾರಣ ಬಯಲಾಯಿತು. ಓದುವುದರಿಂದ ಇನ್ನೂ ದೊಡ್ಡ ಅಪಾಯವಿದೆ: ತಲೆಮಾರುಗಳ ಕಾಲ ಮಹಾಮಂತ್ರವೆಂದು ಪೂಜೆಗೊಂಡ ಕಟ್ಟಿನೊಳಗೆ ದನದ ಮದ್ದು, ಯಕ್ಷಗಾನ ಪ್ರಸಂಗದ ಪದ್ಯ ಅಥವಾ ಯಾರೋ ತೀರಿಸದ ಸಾಲ ಇರಬಹುದು. ಮಂತ್ರವೇ ಇದ್ದರೆ ಒಂದಲ್ಲ ಒಂದು ಕಡೆ ಇನ್ನೊಂದು ಪ್ರತಿ ಸಿಕ್ಕೀತು; ಸಾಲದ ಲೆಕ್ಕಕ್ಕೆ ಎರಡನೆಯ ಪ್ರತಿ ಎಲ್ಲಿದೆ? ಕೆಳದಿಯ ಅರಸ ಶಿವಪ್ಪನಾಯಕನ ‘ಶಿಸ್ತು’ ಮಣ್ಣಿನ ಗುಣ, ಬೆಳೆ ನೋಡಿ ಕಂದಾಯ ಗೊತ್ತುಮಾಡಿದ ವ್ಯವಸ್ಥೆ. ಅದು ನೆಲದ ಮೇಲೆ ಹೇಗೆ ನಡೆಯಿತೆಂದು ಹೇಳಬೇಕಾದದ್ದು ಇಂಥ ಚಿಲ್ಲರೆ ಲೆಕ್ಕಗಳೇ. ಅವನ್ನು ಹೊಳೆಗೆ ಬಿಟ್ಟ ಮನೆಯವರೇ ಹಳೆಯ ದಾಖಲೆಗಾಗಿ ತಾಲ್ಲೂಕು ಕಚೇರಿಯಲ್ಲಿ ಸರದಿ ನಿಲ್ಲುತ್ತಾರೆ.

ಸಂಗ್ರಹ ಈಗ ಕುವೆಂಪು ವಿಶ್ವವಿದ್ಯಾಲಯದ ಸುಪರ್ದಿಗೆ ಹೋಗಿದೆ. ಮನೆಯ ಸೊಸೆಗೂ ತೋರಿಸದ ಕಟ್ಟಿನ ಸಂಗತಿಯನ್ನು ಪರವೂರಿನ ಸಂಶೋಧಕ ಟಿಪ್ಪಣಿ ಮಾಡಿಕೊಳ್ಳಬಹುದೆಂದಾಯಿತು. ಅಟ್ಟದ ಕಾಲದಲ್ಲಿ ಇಂಥ ಸಲಿಗೆ ಇರಲಿಲ್ಲ.

ಪೂರ್ತಿ ನಿರಾಶೆಗೆ ಕಾರಣವಿಲ್ಲ. ಅಡಿಕೆ ಮಂಡಿಯ ಚೀಟಿ, ಗೇಣಿಯ ಪುಸ್ತಕ, ಹೆಸರು ಬರೆಯದ ಗುಂಪುಫೋಟೊ, ಅಜ್ಜಿಯ ಹಾಡಿನ ನೋಟುಬುಕ್ಕು ಬಹುಪಾಲು ಮನೆಗಳಲ್ಲಿ ಇನ್ನೂ ಮೇಲೆಯೇ ಇವೆ. ಸದ್ಯಕ್ಕೆ ಅವುಗಳಿಗೆ ಕಿಲೋಗಿಷ್ಟು ಎಂದು ದರ ಹೇಳುತ್ತಿರುವವನು ಗುಜರಿಯವನೊಬ್ಬನೇ.

ಇಂತಿ,
ಕಟ್ಟು ಬಿಚ್ಚದ ಮನೆತನಗಳ ಪರವಾಗಿ