625ರ ಹೊರಗಿನ 'ಸದರಿ ಯಂತ್ರ'

ಬೆಳ್ತಂಗಡಿ ತಾಲ್ಲೂಕಿನ ಸರಕಾರಿ ಪ್ರೌಢಶಾಲೆಯೊಂದರಲ್ಲಿ ನಡೆದಂತೆ ಭಾವಿಸಬಹುದಾದ ಈ ಸಂದರ್ಶನದಲ್ಲಿ ಉತ್ತರಿಸಿರುವುದು ಒಂದು ಹಳೆಯ ಗಣಕಯಂತ್ರ. ಕೇಂದ್ರ ಸರಕಾರವು ಡಿಸೆಂಬರ್ 2004ರಲ್ಲಿ ಆರಂಭಿಸಿದ ಐಸಿಟಿ ಯೋಜನೆಯ, ಎಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ಶಾಲೆಗೆ ತರುವ ಯೋಜನೆಯ, ಕೂಸಾದ ಅದು ಕಡತಗಳ ಸಹವಾಸದಿಂದಾಗಿ ತನ್ನನ್ನು 'ಸದರಿ ಯಂತ್ರ' ಎಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ದಿನಚರಿ ಹೇಗಿದೆ?

ಉತ್ತರ: ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ಪ್ಲಗ್ ಕಳಚಲಾಗುತ್ತದೆ, ಬೇಸಗೆಯಲ್ಲಿ ರಜೆ. ನಡುವೆ ಉಳಿಯುವ ಪೀರಿಯಡ್ಡನ್ನು ಗಣಿತದ ಅಧ್ಯಾಪಕರು ಕಡ ಕೇಳುತ್ತಾರೆ, ಕಡ ತೀರಿಸುವ ಪದ್ಧತಿಯಿಲ್ಲ.

ಪ್ರಶ್ನೆ: ಈ ಉದಾಸೀನಕ್ಕೆ ಕಾರಣ?

ಉತ್ತರ: ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ವೃತ್ತಿಶಿಕ್ಷಣವಾಗಿ ಗಣಕ ಕಲಿಸುವ ಕೆಲವು ಶಾಲೆಗಳನ್ನು ಬಿಟ್ಟರೆ ಸದರಿ ಯಂತ್ರದ ಪಾಲು ಸೊನ್ನೆ. ಕೂಡುವುದರಲ್ಲಿ ಅದು ತಪ್ಪುವುದಿಲ್ಲ. 2025ರಲ್ಲಿ ಈ ಪರೀಕ್ಷೆಯಲ್ಲಿ ರಾಜ್ಯಕ್ಕೇ ಪ್ರಥಮ ಬಂದ ದಕ್ಷಿಣ ಕನ್ನಡ ಜಿಲ್ಲೆಯು ಅಂಕವಿಲ್ಲದ ವಿಷಯಕ್ಕೆ ಹೊತ್ತು ಕಳೆಯುವಷ್ಟು ದಡ್ಡತನ ತೋರುವುದುಂಟೇ?

ಪ್ರಶ್ನೆ: ಪಿಯುಸಿಯಲ್ಲಾದರೂ ಮರ್ಯಾದೆಯಿದೆಯಲ್ಲ?

ಉತ್ತರ: ಅತಿಯಾಗಿಯೇ ಇದೆ. ನಾನಾ ಜಿಲ್ಲೆಗಳ ಮಕ್ಕಳು ಬಂದು ಹಾಸ್ಟೆಲ್ ಸೇರುವ ಮೂಡುಬಿದಿರೆಯಲ್ಲಿ ಪಿಸಿಎಂಸಿ, ಎಂದರೆ ಜೀವಶಾಸ್ತ್ರದ ಜಾಗದಲ್ಲಿ ಗಣಕವಿಜ್ಞಾನವಿರುವ ವಿಷಯ ಸಂಯೋಜನೆ, ಬಹಳ ಜನಪ್ರಿಯ. ಆದರೆ ಪ್ರೋಗ್ರಾಮನ್ನು, ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿಯನ್ನು, ಔಟ್‌ಪುಟ್ ಸಮೇತ ರೆಕಾರ್ಡ್ ಪುಸ್ತಕಕ್ಕೆ ಮೊದಲೇ ಅಂದವಾಗಿ ನಕಲಿಳಿಸುವ ಶಿಸ್ತು ಎಲ್ಲೆಡೆ ಬೇರೂರಿರುವುದರಿಂದ, ಯಂತ್ರವು ಏನು ಉತ್ತರಿಸಬೇಕೆಂಬುದು ಅದನ್ನು ಕೇಳುವ ಮುನ್ನವೇ ತೀರ್ಮಾನವಾಗಿರುತ್ತದೆ.

ಪ್ರಶ್ನೆ: ಹಳ್ಳಿಯ ಮಕ್ಕಳಿಗೆ ವಿಷಯವೇ ಕಠಿಣವೆನ್ನುತ್ತಾರೆ.

ಉತ್ತರ: ಲೂಪ್ ಎಂದರೆ ಗೊತ್ತುಪಡಿಸಿದ ಷರತ್ತು ಈಡೇರುವವರೆಗೆ ಅದೇ ಆಜ್ಞೆಗಳನ್ನು ಮರಳಿ ಮರಳಿ ನಡೆಸುವುದು. ಬಂಟ್ವಾಳದಲ್ಲಿ ತಾಯಿ ಬೀಡಿ ಕಟ್ಟುವುದನ್ನು ನೋಡಿದ ಮಗುವಿಗೆ ಇದನ್ನು ಹೊಸದಾಗಿ ಹೇಳಬೇಕೇ? ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಬಿಗಿದು, ಸಾವಿರ ಮುಟ್ಟುವವರೆಗೆ ಪುನಃ ಎಲೆಗೆ ಮರಳುವುದೇ ಲೂಪ್. ಬ್ರಾಂಚಿನಲ್ಲಿ, ಎಂದರೆ ಕಟ್ಟಿದ ಬೀಡಿಯನ್ನು ಒಪ್ಪಿಸುವಲ್ಲಿ, ಬೀಡಿಯನ್ನು ಆರಿಸಿ ತಿರಸ್ಕರಿಸುವುದೇ ಷರತ್ತಿನ ಪರೀಕ್ಷೆ. ಮಗುವಿಗೆ ಇಷ್ಟು ಗೊತ್ತಿರುವಾಗ ಪಾಠವು ಅಬ್ಯಾಕಸ್ಸಿನಿಂದ ತೊಡಗಿ ಗಣಕದ ಐದು ತಲೆಮಾರುಗಳನ್ನು ಬಾಯಿಪಾಠ ಮಾಡಿಸುತ್ತದೆ.

ಪ್ರಶ್ನೆ: ಇಂಗ್ಲಿಷ್ ತೊಡಕಲ್ಲವೇ?

ಉತ್ತರ: ಇದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವು 'ನುಡಿ' ತಂತ್ರಾಂಶದ ಮೂಲಕ ರಾಜ್ಯದ ಕಚೇರಿಗಳನ್ನು ಸೇರಿದೆ. ಮಕ್ಕಳಿಗಾಗಿಯೇ 1967ರಲ್ಲಿ ಹುಟ್ಟಿದ, ಪರದೆಯ ಮೇಲೆ ಆಮೆಯನ್ನು ನಡೆಸಿ ಚಿತ್ರ ಬರೆಸುವ ಲೋಗೋ ಭಾಷೆಯನ್ನು ಯು.ಬಿ. ಪವನಜ ಕನ್ನಡಕ್ಕೆ ತಂದಿದ್ದಾರೆ. ಆಮೆ ನಿಧಾನವೆಂಬುದು ನಿಜ. ಆದರೆ ಬೀಗ ಹಾಕಿದ ಕೊಠಡಿಯನ್ನು ಮೊಲವೂ ಹೊಗಲಾರದು.

ಪ್ರಶ್ನೆ: ಹೆತ್ತವರಲ್ಲಿ ಏನಾದರೂ ವಿನಂತಿ?

ಉತ್ತರ: ಎಸ್‌ಡಿಎಂಸಿ ಸಭೆಯಲ್ಲಿ, ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ, ಎಷ್ಟು ಗಣಕಗಳಿವೆ ಎಂದು ಕೇಳುವುದನ್ನು ಬಿಟ್ಟು, ಈ ವಾರ ಎಷ್ಟು ಮಕ್ಕಳು ತಪ್ಪು ಪ್ರೋಗ್ರಾಮು ಬರೆದು ತಾವೇ ತಿದ್ದಿಕೊಂಡರು ಎಂದು ದಯವಿಟ್ಟು ವಿಚಾರಿಸಬೇಕು.