ಟೈರಿನ ಗೋತ್ರ

ಹೆಣ್ಣು ನೋಡಲು ಹೋದ ಹಿರಿಯರು ಮೊದಲು ಗೋತ್ರ ಕೇಳುತ್ತಾರೆ, ಆಮೇಲೆ ನಕ್ಷತ್ರ. ಹುಡುಗಿಯ ಹೆಸರು ಕೇಳುವುದು ಕಾಫಿ ಬಂದ ಮೇಲೆ. ಪಶ್ಚಿಮ ಮಾಂಬಲದ ನಮ್ಮ ರಾಯರು ಟೈರು ಕೊಳ್ಳುವುದೂ ಇದೇ ಕ್ರಮದಲ್ಲಿ. ಅಂಗಡಿಯವನು ಸ್ಟೂಲು ಎಳೆದು ಕೂರಿಸಿ ಸೈಜು ಕೇಳಬೇಕು ಎನ್ನುವಷ್ಟರಲ್ಲಿ ಇವರ ಪ್ರಶ್ನೆ ಬಂದಿರುತ್ತದೆ: "ಎಲ್ಲಿ ಮಾಡಿದ್ದು?"

ರಾಯರು ಪುತ್ತೂರು ಕಡೆಯವರು. ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂರಲೆಂದು ಮದ್ರಾಸಿಗೆ ಬಂದು, ಗಲ್ಲಾಕ್ಕಿಂತ ಬ್ಯಾಂಕು ವಾಸಿ ಎಂದು ಪರೀಕ್ಷೆ ಬರೆದು, ಬ್ಯಾಂಕಿನಲ್ಲೇ ನಿವೃತ್ತರಾದವರು. ಊರು 1996ರಲ್ಲೇ ಚೆನ್ನೈ ಆದರೂ ಅವರಿಗೆ ಇನ್ನೂ ಮದ್ರಾಸೇ. ಅವರ ಕಾಲದಲ್ಲಿ ಒಳ್ಳೆಯ ಸಾಮಾನು ಬೇಕೆಂದರೆ ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರಿಗೆ ಹೋಗಬೇಕಿತ್ತು. ಬರ್ಮಾ ಬಿಟ್ಟು ಬಂದ ತಮಿಳರು ಅಂಗಡಿ ಇಟ್ಟಿದ್ದ ಆ ಸಾಲಿನಲ್ಲಿ ರಾಯರು ಕೊಂಡ ಜಪಾನ್ ಟೇಪ್ ರೆಕಾರ್ಡರ್ ಈಗಲೂ ಹಾಡುತ್ತದೆ. ಅದರ ಮೇಲೆ ರಾಯರ ಹೆಂಡತಿ, ನಮ್ಮ ಮಾಮಿ, ಕ್ರೋಶಾ ಹಾಕಿದ ಬಟ್ಟೆ ಹೊದಿಸಿದ್ದಾರೆ. ನೆಗಡಿಗೆ ಸಿಂಗಪುರದ ಕೋಡಾಲಿ ತೈಲ, ಗಡ್ಡಕ್ಕೆ ಜರ್ಮನ್ ಬ್ಲೇಡು, ಊಟಕ್ಕೆ ಮಾತ್ರ ಊರಿನ ಕುಚಲಕ್ಕಿ. ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಟಿ.ವಿ.ಯ ಬೆನ್ನು ತಿರುಗಿಸಿ ಸ್ಟಿಕ್ಕರ್ ಓದಿದ ಮೇಲೆಯೇ ಮುಂಭಾಗದ ಚಿತ್ರ ನೋಡುವವರು.

ಟೈರಿನ ವಿಷಯದಲ್ಲಿ ರಾಯರ ಹತ್ತಿರ ದೇಶಗಳ ಶ್ರೇಣಿಯೇ ಸಿದ್ಧವಿದೆ. ಜರ್ಮನಿ, ಜಪಾನು ಅಗ್ರಪಂಕ್ತಿ. ಫ್ರಾನ್ಸು, ಇಟಲಿ ಅವರ ಪಕ್ಕದಲ್ಲೇ ಕೂರಬಹುದು. ಥಾಯ್ಲೆಂಡು "ಪರವಾಗಿಲ್ಲ ಮಾರಾಯ, ಕಂಪನಿ ಜಪಾನಿನದ್ದಲ್ಲವೋ." ಚೀನಾ ಹೆಸರೆತ್ತಿದರೆ ಎದ್ದು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬರುತ್ತಾರೆ. ಒಮ್ಮೆ ಹಂಗೇರಿ ಎಂದು ಅಚ್ಚಾಗಿದ್ದ ಟೈರು ಸಿಕ್ಕಿ ಪೇಚಾಟವಾಯಿತು. ಯುರೋಪು ಹೌದು, ಆದರೆ ಕಂಪನಿ ಕೊರಿಯಾದ್ದು. ಅಪ್ಪನ ಗೋತ್ರ ನೋಡಬೇಕೋ ಸಾಕಿದವನ ಗೋತ್ರವೋ ಎಂದು ಎರಡು ದಿನ ಯೋಚಿಸಿ ಕೈಬಿಟ್ಟರು. ಭಾರತ ಈ ಪಟ್ಟಿಯಲ್ಲಿ ಎಲ್ಲಿದೆ ಎಂದು ಕೇಳಿದರೆ, "ದೇಶಪ್ರೇಮ ಬೇರೆ, ಬ್ರೇಕು ಬೇರೆ" ಎನ್ನುತ್ತಾರೆ.

ತಮಾಷೆಯೆಂದರೆ ಅವರು ಈ ಮಾತನ್ನು ಆಡುವುದು ಚೆನ್ನೈಯಲ್ಲಿ ಕೂತು. 1946ರಲ್ಲಿ ಮಾಮ್ಮೆನ್ ಮಾಪ್ಪಿಳ್ಳೆ ಎಂಬವರು ತಿರುವೊಟ್ಟಿಯೂರಿನಲ್ಲಿ ಮಕ್ಕಳ ಆಟದ ಬಲೂನು ಮಾಡಲು ಶುರುಮಾಡಿದ ಶೆಡ್ಡು ಇಂದಿನ ಎಂಆರ್‌ಎಫ್. ಮದ್ರಾಸ್ ರಬ್ಬರ್ ಫ್ಯಾಕ್ಟರಿ ಎಂದು ಹೆಸರಿನಲ್ಲೇ ಊರಿದೆ. ಅಮೆರಿಕದ ಮ್ಯಾನ್ಸ್‌ಫೀಲ್ಡ್ ಕಂಪನಿಯ ಜೊತೆ ಸೇರಿ 1961ರಲ್ಲಿ ಟೈರು ಮಾಡಿದರು. 1967ರ ಹೊತ್ತಿಗೆ ಅಮೆರಿಕಕ್ಕೇ ಟೈರು ಕಳಿಸುತ್ತಿದ್ದರು. ಅಂಬತ್ತೂರಿನಲ್ಲಿ ಡನ್ಲಪ್ ಇತ್ತು. ಒರಗಡಂನಲ್ಲಿ ಅಪೋಲೊ ಇದೆ, ಶ್ರೀಪೆರಂಬದೂರಿನ ಆಸುಪಾಸು ಜೆಕೆ ಮತ್ತು ಸಿಯಟ್ ಇವೆ. ತಿರುವಳ್ಳೂರು ಜಿಲ್ಲೆಯ ತೇರ್ವಾಯ್ ಕಂಡಿಗೈಯಲ್ಲಿ ಸಾಕ್ಷಾತ್ ಫ್ರಾನ್ಸಿನ ಮಿಶೆಲಿನ್ನೇ ಬಂದು ಲಾರಿ ಟೈರು ಮಾಡುತ್ತಿದೆ. ಅಪೋಲೊ ಅಂತೂ 2009ರಲ್ಲಿ ಹಾಲೆಂಡಿನ ವ್ರೆಡೆಸ್ಟೈನ್ ಕಂಪನಿಯನ್ನು ಕೊಂಡುಕೊಂಡಿತು. ಇಷ್ಟನ್ನೂ ನಾನು ಹೇಳಿದಾಗ ರಾಯರು ಗಂಭೀರವಾಗಿ ಕೇಳಿಸಿಕೊಂಡು, "ಎಂಆರ್‌ಎಫ್ ಬ್ಯಾಟಿಗೆ ಒಳ್ಳೆಯದು, ಸಚಿನ್ ಎಷ್ಟು ಸೆಂಚುರಿ ಹೊಡೆದ" ಎಂದರು.

ಅವರ ಕಾರು ಹ್ಯುಂಡೈ. ಅದನ್ನು "ಕೊರಿಯಾ ಗಾಡಿ" ಎಂದು ಕರೆಯುತ್ತಾರೆ. ಅದು ಹುಟ್ಟಿದ ಇರುಂಗಾಟ್ಟುಕೋಟೈ ಅವರ ಮನೆಯಿಂದ ಒಂದು ತಾಸಿನ ದಾರಿ. ಕಂಚಿಗೆ ಹೋಗುವಾಗ ಅದೇ ಕಾರಿನಲ್ಲಿ ಅದೇ ಕಾರ್ಖಾನೆಯನ್ನು ದಾಟಿ ಹೋಗುತ್ತಾರೆ.

ಇನ್ನು ರಬ್ಬರು. ಜರ್ಮನಿಯಲ್ಲಾಗಲಿ ಜಪಾನಿನಲ್ಲಾಗಲಿ ರಬ್ಬರ್ ತೋಟವಿಲ್ಲ. ಆ ಮರಕ್ಕೆ ಬೇಕಾದ ಸೆಕೆಯೂ ಮಳೆಯೂ ಥಾಯ್ಲೆಂಡು, ಇಂಡೊನೇಷ್ಯಾ, ಕೇರಳ, ನಮ್ಮ ಸುಳ್ಯ-ಪುತ್ತೂರುಗಳಲ್ಲಿವೆ. ರಾಯರ ತಮ್ಮನದೇ ಎರಡೆಕರೆ ರಬ್ಬರಿದೆ. ಬೆಳಗಿನ ಜಾವ ಗೆರಟೆಯಲ್ಲಿ ಹಾಲು ಇಳಿಸಿ, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಷಿನಿನಲ್ಲಿ ಒತ್ತಿ, ಹೊಗೆಗೂಡಿನಲ್ಲಿ ನೇತುಹಾಕಿದರೆ ಜೇನುಬಣ್ಣದ ಶೀಟು. ಅದರಲ್ಲಿ ಆರ್‌ಎಸ್‌ಎಸ್ 4 ಎಂಬ ದರ್ಜೆಯದು ಟೈರು ಕಂಪನಿಗಳಿಗೇ ಹೋಗುವುದು. ಸುಳ್ಯದ ಸರಕಾರಿ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುವವರಾದರೂ ಯಾರು? ಶಾಸ್ತ್ರಿ-ಸಿರಿಮಾವೊ ಒಪ್ಪಂದವಾದ ಮೇಲೆ ಶ್ರೀಲಂಕೆಯಿಂದ ಬಂದು ಅಲ್ಲಿ ನೆಲೆನಿಂತ ತಮಿಳರು. ಪುತ್ತೂರಿನ ರಾಯರು ತಮಿಳುನಾಡಿಗೆ ಬಂದರು, ತಮಿಳರು ಸುಳ್ಯಕ್ಕೆ ಹೋದರು, ರಬ್ಬರು ಎರಡೂ ಕಡೆ ಓಡಾಡುತ್ತಿದೆ. ತಮ್ಮ ಒಮ್ಮೆ ಫೋನಿನಲ್ಲಿ, "ಅಣ್ಣಾ, ಶೀಟಿಗೆ ರೇಟು ಬಿದ್ದಿದೆ, ನೀವಾದರೂ ನಮ್ಮ ದೇಶದ ಟೈರು ಹಾಕಿಸಿ" ಎಂದನಂತೆ. "ನೀನು ಮೊದಲು ಶೀಟಿನಲ್ಲಿರುವ ಕಸ ತೆಗಿ" ಎಂದು ಇವರು ಫೋನಿಟ್ಟರು.

ಮಗಳು-ಅಳಿಯ ಇರುವುದು ಸ್ಟುಟ್‌ಗಾರ್ಟಿನಲ್ಲಿ. ರಾಯರು ಅಲ್ಲಿಗೆ ಹೋಗಿದ್ದಾಗ ಮೊಮ್ಮಗನ ಜೊತೆ ಆಡಿದ್ದಕ್ಕಿಂತ ಹೆಚ್ಚು ಹೊತ್ತು ಗ್ಯಾರೇಜಿನಲ್ಲಿ ಕಳೆದರು. ಅಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಎರಡು ಜೊತೆ ಟೈರು. ಬೆಟ್ಟದ ನಡುವೆ ಹಿಮದ ಹರಳು ಕೊರೆದ ಗುರುತು ಕಂಡದ್ದೇ ರಾಯರಿಗೆ ಮನಸ್ಸು ಹೋಯಿತು. ಇಂಥದ್ದೇ ನಾಲ್ಕನ್ನು ಲಗೇಜಿನಲ್ಲಿ ಕಳಿಸಿಬಿಡು ಎಂದರು.

"ಮಾವ, ಇದು ಹಿಮಕ್ಕೆ. ಏಳು ಡಿಗ್ರಿಗಿಂತ ಕೆಳಗೆ ಹೋದಾಗ ಗಟ್ಟಿಯಾಗಬಾರದು ಅಂತ ಮೆತ್ತನೆಯ ರಬ್ಬರು ಹಾಕಿರ್ತಾರೆ."

"ಹಿಮಕ್ಕೇ ತಡೆದದ್ದು ಬಿಸಿಲಿಗೆ ತಡೆಯುವುದಿಲ್ಲವೋ?"

ಅಗ್ನಿ ನಕ್ಷತ್ರದ ಮೇ ತಿಂಗಳಲ್ಲಿ ಆರ್ಯಗೌಡ ರಸ್ತೆಯ ಡಾಂಬರಿನ ಮೇಲೆ ಆ ಟೈರು ಅಳಿಸುವ ರಬ್ಬರಿನ ಹಾಗೆ ಸವೆದುಹೋಗುತ್ತದೆ ಎಂದು ಅಳಿಯ ಮಾವನಿಗೆ ಹೇಳುವುದು ಹೇಗೆ? ಸುಮ್ಮನಾದ. ಅಷ್ಟರಲ್ಲಿ ರಾಯರು ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಜರ್ಮನಿಯ ನೆಲದ ಮೇಲೆ, ಜರ್ಮನ್ ಕಂಪನಿಯ ಟೈರಿನ ಪಕ್ಕೆ ಓದುತ್ತಿದ್ದರು. ಅಲ್ಲಿ ಅಚ್ಚಾಗಿದ್ದದ್ದು: ಮೇಡ್ ಇನ್ ಪೋರ್ಚುಗಲ್. ಆ ಸಂಜೆ ಅವರು ಸರಿಯಾಗಿ ಊಟ ಮಾಡಲಿಲ್ಲ ಎಂದು ಮಗಳು ಮಾಮಿಗೆ ವಾಟ್ಸಾಪ್ ಮಾಡಿದಳು.

ರಾಯರ ಪ್ರಶ್ನೆ ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. ಒಂದೇ ಕಂಪನಿ, ಒಂದೇ ಹೆಸರು ಇದ್ದರೂ ಬೇರೆ ಬೇರೆ ಮಾರುಕಟ್ಟೆಗೆ ಬೇರೆ ಬೇರೆ ಪಾಕ ಕಟ್ಟುವುದುಂಟು. ಹಳ್ಳ ಬಿದ್ದ ರಸ್ತೆಯಲ್ಲಿ ಹೆಚ್ಚು ಕಿಲೋಮೀಟರ್ ಓಡಬೇಕೆಂದು ಗಿರಾಕಿ ಕೇಳುವ ಕಡೆ ಗಟ್ಟಿ ರಬ್ಬರು, ದಪ್ಪ ಪಕ್ಕೆ. ಒದ್ದೆ ರಸ್ತೆಯಲ್ಲಿ ಗಕ್ಕನೆ ನಿಲ್ಲಬೇಕು, ಸದ್ದಾಗಬಾರದು ಎಂದು ಕೇಳುವ ಕಡೆ ಬೇರೆ ಹದ. ಅಂದರೆ ವ್ಯತ್ಯಾಸ ಹುಟ್ಟುವುದು ಯಾವ ರಸ್ತೆಗೆಂದು ಮಾಡಿದ್ದಾರೆ ಎಂಬುದರಲ್ಲಿ. ಮಾಡಿದ ನೆಲದ ಮಹಿಮೆ ಅದರಲ್ಲಿ ಕಡಿಮೆ. ಗಂಟೆಗೆ 210 ಕಿ.ಮೀ. ವೇಗ ತಡೆಯುವ ಎಚ್ ದರ್ಜೆಯ ಟೈರು ಸಾಲದು, 240ರ ವಿ ಬೇಕು ಎಂದು ರಾಯರು ಹಟ ಹಿಡಿಯುವುದು ಯಾವ ರಸ್ತೆಗೆ? ಮಾಂಬಲದಿಂದ ದೊರೈಸ್ವಾಮಿ ಸಬ್‌ವೇ ನುಸುಳಿ ಟಿ. ನಗರ, ಅಲ್ಲಿಂದ ಮೈಲಾಪುರ. ಆ ಸಬ್‌ವೇಯಲ್ಲಿ ಐಪ್ಪಸಿ ಮಳೆಗೆ ನೀರು ನಿಂತರೆ ಬೇಕಾಗುವುದು ದೋಣಿ. ಉಳಿದ ದಿನಗಳಲ್ಲಿ ರಾಯರ ಮೂರನೇ ಗೇರಿಗೇ ಬಿಡುವು.

ಹಳೆಯ ಟೈರು ಸವೆದಾಗ ಅವರನ್ನು ರಾಯಪೇಟೆಯ ಜನರಲ್ ಪ್ಯಾಟರ್ಸ್ ರೋಡಿಗೆ ಕರೆದುಕೊಂಡು ಹೋಗುವ ಯೋಗ ನನ್ನದಾಯಿತು. ಜೊತೆಗೆ ಮಾಮಿಯೂ ಬಂದರು, ಚೀಲದಲ್ಲಿ ಮೊಸರನ್ನದ ಡಬ್ಬಿ ಸಮೇತ. ಗಂಡ ಟೈರು ಕೊಳ್ಳುವುದೆಂದರೆ ಎಷ್ಟು ಹೊತ್ತಿನ ಕೆಲಸ ಎಂದು ಅವರಿಗೆ ಗೊತ್ತು.

ಅಂಗಡಿಯವನು ಮೊದಲು ಹಳೆಯ ಟೈರಿನ ಮೇಲೆ ಹೆಬ್ಬೆರಳು ಎಳೆದ. ಎರಡು ಅಂಚೂ ಬೋಳು, ನಡುವೆ ಮಾತ್ರ ಗೀರುಗಳು ಹೊಸದರಂತೆ ಇದ್ದವು. ಗೀರಿನ ತಳದಲ್ಲಿ 1.6 ಮಿಲಿಮೀಟರಿನ ಉಬ್ಬು ಇರುತ್ತದಲ್ಲ, ಅಂಚಿನ ಕಡೆ ಅದು ಮೇಲ್ಮೈಗೆ ಸಮವಾಗಿ ನಿಂತಿತ್ತು.

"ಇಂಡಿಯನ್ ಕಾಂಪೌಂಡು, ನೋಡಿದಿರಾ?" ರಾಯರು ನನ್ನ ಕಡೆ ತಿರುಗಿದರು.

"ಕಾತ್ತು ಕಮ್ಮಿ, ಸಾರ್," ಎಂದ ಅಂಗಡಿಯವನು. ಗಾಳಿ ಕಡಿಮೆಯಿದ್ದರೆ ಟೈರು ನಡು ಎತ್ತಿ ಅಂಚಿನ ಮೇಲೆ ಭಾರ ಬಿಡುತ್ತದೆ, ಅಂಚು ಸವೆಯುತ್ತದೆ. ಎಲ್ಲ ದೇಶದ ಟೈರೂ ಹೀಗೇ ಮಾಡುತ್ತದೆ.

"ಗಾಳಿ ಹಾಕಿಸಿ ಅಂತ ಯುಗಾದಿಯಿಂದ ಹೇಳ್ತಾ ಇದ್ದೇನೆ," ಮಾಮಿ ಎಂದರು. "ಅದಕ್ಕೂ ಯಾವ ದೇಶದವನು ಬರಬೇಕೋ."

ರಾಯರು ಅದನ್ನು ಕೇಳಿಸಿಕೊಳ್ಳದವರಂತೆ ಜರ್ಮನಿಯದನ್ನು ತೋರಿಸು ಎಂದರು. 2020ರ ಜೂನಿನಲ್ಲಿ ಕೇಂದ್ರ ಸರಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು, ಲೈಸೆನ್ಸ್ ಇಲ್ಲದೆ ತರುವ ಹಾಗಿಲ್ಲ. ಹಾಗಾಗಿ ಅಂಗಡಿಯವನು ಒಳಗೆ ಹೋಗಿ, ಏಣಿ ಹತ್ತಿ, ಧೂಳು ಕೊಡವಿ, ಒಂದು ಟೈರು ಉರುಳಿಸಿಕೊಂಡು ಬಂದ. ಮೇಡ್ ಇನ್ ಜರ್ಮನಿ. ರಾಯರ ಮುಖ ಅರಳಿತು. ಬೆರಳಿನಿಂದ ಅಕ್ಷರ ತಡವುತ್ತಾ ಹೋದವರು ಒಂದು ಕಡೆ ನಿಂತರು. ಅಲ್ಲಿ ಐಎಸ್‌ಐ ಮುದ್ರೆ.

"ಇದೇನು, ಡೂಪ್ಲಿಕೇಟೋ?"

ಇಲ್ಲಿ ಮಾರುವ ಕಾರಿನ ಹೊಸ ಟೈರು ಎಲ್ಲಿಂದಲೇ ಬರಲಿ, ಅದಕ್ಕೆ ಐಎಸ್ 15633ರ ಪ್ರಕಾರ ಐಎಸ್‌ಐ ಮುದ್ರೆ ಕಡ್ಡಾಯ ಎಂದು ಅವರಿಗೆ ಸಮಾಧಾನ ಹೇಳಬೇಕಾಯಿತು. ಜರ್ಮನಿಯವನೂ ನಮ್ಮ ಮಾನಕ ಬ್ಯೂರೋದ ಮುಂದೆ ಕೈಕಟ್ಟಿ ನಿಂತು ಮುದ್ರೆ ಒತ್ತಿಸಿಕೊಂಡ ಎಂಬುದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಅಷ್ಟರಲ್ಲಿ ಮಾಮಿ ಬಾಗಿ ನೋಡಿ, "ಇದೇನು ಅಂಡಾಕಾರದೊಳಗೆ ನಾಲ್ಕು ಅಂಕಿ, 1419?" ಎಂದರು. 2019ನೇ ಇಸವಿಯ ಹದಿನಾಲ್ಕನೇ ವಾರ. ಏಪ್ರಿಲ್ ಶುರುವಿನಲ್ಲಿ ಹುಟ್ಟಿ, ಅಟ್ಟದ ಮೇಲೆ ನಾಲ್ಕು ಬೇಸಿಗೆ ಉಂಡ ಟೈರು. ಗೋತ್ರ ಶುದ್ಧವಾಗಿತ್ತು, ವಯಸ್ಸಿನಲ್ಲಿ ಎಡವಟ್ಟು.

"ಸಾರ್, ಎಲ್ಲಾಮೇ ಒಣ್ಣುದಾನ್," ಎಂದ ಅಂಗಡಿಯವನು, ಬೇಸತ್ತು. ಎಲ್ಲವೂ ಒಂದೇ ಎಂಬ ಈ ಅದ್ವೈತ ಮಾಧ್ವರಾದ ರಾಯರಿಗೆ ಹೇಗೆ ಒಗ್ಗಬೇಕು? ಎದ್ದು ನಿಂತೇಬಿಟ್ಟರು. ವ್ಯಾಪಾರ ತಪ್ಪುತ್ತದೆ ಎಂದು ಗೊತ್ತಾದ ಕೂಡಲೇ ಅವನು ಶ್ರೀಪೆರಂಬದೂರು ಕಡೆಯ ಹೊಸ ಟೈರೊಂದನ್ನು ಎಳೆದು, ಪಕ್ಕೆಯಲ್ಲಿದ್ದ ಸಣ್ಣ ವೃತ್ತ ತೋರಿಸಿದ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಅದರ ಜೊತೆ 4. ಯುರೋಪಿನ ನಿಯಮದಂತೆ ಪರೀಕ್ಷೆಯಾಗಿದೆ ಎಂಬ ಗುರುತು ಅದು. ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು, 4 ಎಂದರೆ ನೆದರ್ಲೆಂಡ್ಸ್.

"ಹಾಲೆಂಡೋ?" ರಾಯರು ಮತ್ತೆ ಕೂತರು. ಹುಟ್ಟಿದ್ದು ಕಾಂಚೀಪುರ ಜಿಲ್ಲೆಯಾದರೇನು, ದತ್ತು ಹೋದ ಮನೆ ದೊಡ್ಡದು. ಡಬ್ಬಿಯ ಮೊಸರನ್ನ ಅಲ್ಲೇ ಖಾಲಿಯಾಗಿ, ನಾಲ್ಕೂ ಟೈರು ಕೂತು, ಬ್ಯಾಲೆನ್ಸಿಂಗೂ ಮುಗಿಯಿತು. ಗಾಳಿ ಹಾಕಬೇಕೋ ನೈಟ್ರೋಜನ್ನೋ ಎಂದು ಹುಡುಗ ಕೇಳಿದ. ಮಾಮಿಯ ಮಾತು ಒಳಗೆಲ್ಲೋ ಚುಚ್ಚಿದ್ದಿರಬೇಕು, ರಾಯರು ಜೋರಾಗಿಯೇ "ನೈಟ್ರೋಜನ್" ಎಂದರು. ಹುಡುಗ ಪೈಪು ಹಚ್ಚಿದ. ರಾಯರು ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ ತಗ್ಗಿದ ದನಿಯಲ್ಲಿ ತಮಿಳಿನಲ್ಲಿ ವಿಚಾರಿಸಿದರು, ಈ ನೈಟ್ರೋಜನ್ ಎಲ್ಲಿಂದ ತರಿಸುವುದು?

"ಎಲ್ಲಿಂದಲೂ ಇಲ್ಲ ಸಾರ್," ಎಂದ ಹುಡುಗ, ಗೋಡೆಯಾಚೆ ಕಂಪ್ರೆಸರಿನ ಕಡೆ ಬೊಟ್ಟು ಮಾಡಿ. "ಹೊರಗಿನ ಗಾಳಿ ಎಳೆದು ಸೋಸುತ್ತದೆ. ರೋಡಿನದೇ."

ಹೊರಗೆ ಜನರಲ್ ಪ್ಯಾಟರ್ಸ್ ರೋಡಿನಲ್ಲಿ ಒಂದು ಬಸ್ಸು ರಿವರ್ಸ್ ತೆಗೆಯುತ್ತಾ ಕಪ್ಪು ಹೊಗೆ ಬಿಡುತ್ತಿತ್ತು. ರಾಯರು ಅದರ ನಂಬರ್ ಪ್ಲೇಟು ನೋಡಿದರು, ಹುಡುಗನ ಕೈಯ ಪೈಪು ನೋಡಿದರು.

"ಒಂದು ಟೈರು ಆಯಿತಲ್ಲ, ಉಳಿದದ್ದಕ್ಕೂ ಹಾಕಿಬಿಡಲಿ," ಎಂದು ಮಾಮಿ ಡಬ್ಬಿಯ ಮುಚ್ಚಳ ಹಾಕಿದರು.