ಪ್ಯಾಕೆಟ್ ಬೆನ್ನು ಓದೋರೇ, ಇಲ್ಲಿ ಬನ್ನಿ

ನಿಜ ಹೇಳಿ, ಬಿಸ್ಕತ್ತಿನ ಪ್ಯಾಕೆಟ್ಟನ್ನ ನೀವು ತಿರುಗಿಸಿ ಓದೋದು ಯಾವಾಗ? ಒಳಗೆ ಇನ್ನೊಂದೇ ಒಂದು ಉಳಿದಾಗ ತಾನೆ? ಕನ್ನಡಕ ಹಣೆಗೇರಿಸಿ, ಪ್ಯಾಕೆಟ್ಟನ್ನ ಮೂಗಿಗೇ ತಾಗಿಸಿಕೊಂಡು, 'ಎಮಲ್ಸಿಫೈಯರ್ಸ್ 322, 471, 472ಇ... ಶಿವನೇ, ಎಂತೆಂಥ ಕೆಮಿಕಲ್ ಹಾಕ್ತಾರಪ್ಪಾ!' ಅಂತ ಮನೆಮಂದಿಗೆಲ್ಲ ಕೇಳೋ ಹಾಗೆ ಹೇಳೋದು. ಆಮೇಲೆ ಆ ಕೊನೇದನ್ನೂ ಟೀಗೆ ಅದ್ದೋದು. (ವೇಸ್ಟ್ ಮಾಡಬಾರದಲ್ವಾ!)

ಬನ್ನಿ, ಆ ನಂಬರುಗಳ ಜಾತಕ ನೋಡೋಣ. ಎಣ್ಣೆಗೂ ನೀರಿಗೂ ಆಗಿಬರಲ್ಲ, ಗೊತ್ತೇ ಇದೆ. ಎಮಲ್ಸಿಫೈಯರ್‌ನ ಒಂದು ತುದಿ ನೀರಿನ ಕಡೆ, ಇನ್ನೊಂದು ಎಣ್ಣೆ ಕಡೆ. ಎರಡೂ ಕಡೆ ಬೀಗರಿಗೆ ಬೇಕಾದ ಮದುವೆ ಬ್ರೋಕರ್ ಇದ್ದ ಹಾಗೆ ಅನ್ನಿ.

322 ಅಂದ್ರೆ ಲೆಸಿಥಿನ್. ಗೋಬ್ಲೆ ಅನ್ನೋ ಫ್ರಾನ್ಸಿನ ಕೆಮಿಸ್ಟ್ 1840ರ ದಶಕದಲ್ಲೇ ಮೊಟ್ಟೆಯ ಹಳದೀಲಿ ಕಂಡುಹಿಡಿದದ್ದು. ಈಗ ಹೆಚ್ಚಾಗಿ ಸೋಯಾದಿಂದ ತೆಗೀತಾರೆ. 471 ಅಂದ್ರೆ ಮೋನೋ, ಡೈಗ್ಲಿಸರೈಡ್. ನೀವು ತಿಂದ ಬೋಂಡದ ಎಣ್ಣೆ ಹೊಟ್ಟೇಲಿ ಅರಗೋವಾಗ ತಾನಾಗೇ ಹುಟ್ಟೋದೂ ಇವೇ! (ಇದನ್ನ ಪ್ರಾಣಿಕೊಬ್ಬಿಂದಲೂ ಮಾಡಬಹುದು. ನಮ್ಮಲ್ಲಾದ್ರೆ ಹಸಿರು ಚುಕ್ಕೆ ನೋಡಿ ನಿಶ್ಚಿಂತೆಯಾಗಿರ್ತೀರಿ. ಅಮೆರಿಕದಲ್ಲಿರೋ ನಿಮ್ಮ ಮಗಳು ಬ್ರೆಡ್ ಹಿಡ್ಕೊಂಡು ಏನು ನೋಡ್ಬೇಕು, ಪಾಪ?)

ಈಗ ಕುರ್ಚಿ ಸ್ವಲ್ಪ ಹತ್ತಿರ ಎಳ್ಕೊಳ್ಳಿ, ಗುಟ್ಟಿನ ಮಾತು. ಚಾಕೊಲೇಟ್ ಹಿಂದೆ 476 ಅಂತ ಇರುತ್ತಲ್ಲ, ಅದರ ಪೂರ್ತಿ ಹೆಸರು ಪಾಲಿಗ್ಲಿಸೆರಾಲ್ ಪಾಲಿರಿಸಿನೋಲಿಯೇಟ್. ಮೂಲ ಯಾವುದು ಗೊತ್ತಾ? ಹರಳೆಣ್ಣೆ! ಅಜ್ಜಿ ಒಳಲೆ ಹಿಡ್ಕೊಂಡು ಬಂದ್ರೆ ಹಿತ್ತಲಿಗೆ ಓಡ್ತಿದ್ದೋರು, ಈಗ ಅದರ ಸಂತಾನಕ್ಕೆ ದುಡ್ಡು ಕೊಟ್ಟು, ಕವರ್ ಬೇರೆ ನೆಕ್ತೀರಿ. (ಹೆದರಬೇಡಿ, ಬಚ್ಚಲಿಗೆ ಓಡಿಸೋ ಗುಣ ಇದಕ್ಕಿಲ್ಲ.)

ಕಂಪನಿಯೋರಿಗೆ ಇದರ ಮೇಲೆ ಯಾಕಿಷ್ಟು ಪ್ರೀತಿ? ಕರಗಿದ ಚಾಕೊಲೇಟ್ ಅಚ್ಚಿನೊಳಗೆ ಸಲೀಸಾಗಿ ಹರಿಯೋಕೆ ಕೋಕೋ ಬೆಣ್ಣೆ ಬೇಕು. ಅದು ದುಬಾರಿ. ಒಂಚೂರು 476 ಬಿದ್ರೆ ಕಮ್ಮಿ ಬೆಣ್ಣೇಲೇ ಕೆಲಸ ಆಗುತ್ತೆ. ಉಳಿತಾಯ ಅವರಿಗೆ, ಗಾಬರಿ ನಿಮಗೆ!

ಹಾಗಂತ ಎಲ್ಲಾ ನಂಬರೂ ಸಾಚಾ ಅಂತ ನಾನೇನೂ ಜಾಮೀನು ಕೊಡ್ತಿಲ್ಲ. ಪಾಲಿಸಾರ್ಬೇಟ್ 80 (433), ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (466) ಬೆರೆಸಿದ ನೀರು ಕುಡಿದ ಇಲಿಗಳ ಕರುಳು ಕೆರಳಿತು, ಮೈಯೂ ಬಂತು ಅಂತ 2015ರಲ್ಲಿ 'ನೇಚರ್' ಪತ್ರಿಕೇಲಿ ಬಂತು. ಮನುಷ್ಯರ ಮೇಲೆ ಏನಾಗುತ್ತೆ ಅಂತ ವಿಜ್ಞಾನಿಗಳು ಇನ್ನೂ ಪರೀಕ್ಷೆ ಮಾಡ್ತಿದ್ದಾರೆ. ನೀವು ಮಾತ್ರ 'ಎಲ್ಲರಿಗೂ ಫಾರ್ವರ್ಡ್ ಮಾಡಿ' ಅಂತ ಕಳಿಸಿ, ಫ್ರಿಜ್ ಬಾಗಿಲು ತೆಗೆದಾಗಿದೆ.

ಅದು ಬಿಡಿ, ಆ ಪಟ್ಟಿ ಬರೆಯೋ ಕ್ರಮ ಗಮನಿಸಿದ್ದೀರಾ? ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು. ಎಮಲ್ಸಿಫೈಯರ್ ಇರೋದು ಬಾಲದ ಹತ್ತಿರ. ತಲೆಯಲ್ಲಿ ಕೂತಿರೋರು ಯಾರು? ಮೈದಾ, ಸಕ್ಕರೆ, ಪಾಮ್ ಎಣ್ಣೆ. ಅವನ್ನ ಮನೆಯೋರ ಥರ ದಾಟಿ ಹೋಗಿ, ಬಾಲದಲ್ಲಿ ಕಳ್ಳನ್ನ ಹುಡುಕ್ತೀರಿ. ಸಕ್ಕರೆಗೂ ಒಂದು ಮೂರಂಕಿ ನಂಬರ್ ಕೊಡಬೇಕಿತ್ತು ಕಣ್ರೀ, ಅದರ ಫೋಟೋ ಇಷ್ಟೊತ್ತಿಗೆ ನಿಮ್ಮ ಫ್ಯಾಮಿಲಿ ಗ್ರೂಪಲ್ಲಿರ್ತಿತ್ತು!